ಎನ್‌ಬಿಎ ಹೊಸ್ತಿಲಲ್ಲಿ ನಿಂತವರ ಲೀಗ್

2018ರ ಏಪ್ರಿಲ್ 10ರ ರಾತ್ರಿ ಬ್ಯಾಸ್ಕೆಟ್‌ಬಾಲ್ ತಂಡ ಲಾಸ್ ಏಂಜಲೀಸ್ ಲೇಕರ್ಸ್ ಪರವಾಗಿ ಅಂಗಳಕ್ಕಿಳಿದ ಹೊಸಬರ ತಲೆಗೂದಲು ಆಗಲೇ ನರೆತಿತ್ತು. ಆಂಡ್ರೆ ಇಂಗ್ರಾಮ್‌ಗೆ ಆಗ 32 ವರ್ಷ. ಭೌತಶಾಸ್ತ್ರದಲ್ಲಿ ಪದವಿ ಪಡೆದವರು, ಗಣಿತದ ಮನೆಪಾಠ ಹೇಳಿ ಸಂಸಾರದ ಖರ್ಚು ತೂಗಿಸುತ್ತಿದ್ದವರು. ಎರಡನೇ ದರ್ಜೆಯ ಲೀಗ್‌ನಲ್ಲಿ ಹತ್ತು ಋತುಗಳನ್ನು ಕಳೆದ ಮೇಲೆ ಅವರಿಗೆ ಅಮೆರಿಕದ ಅಗ್ರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಕರೆ ಬಂದಿತ್ತು. ಮೂರು ಅಂಕ ಸಿಗುವ ಗೆರೆಯಾಚೆಯಿಂದ ಐದು ಸಲ ಎಸೆದರು, ನಾಲ್ಕು ಬುಟ್ಟಿಗೆ ಬಿದ್ದವು. ಒಟ್ಟು 19 ಅಂಕ. ಲೇಕರ್ಸ್ ಸೋತರೂ ಜನ ಎದ್ದು ನಿಂತು ಕೂಗುತ್ತಿದ್ದರು. ಋತುವಿನಲ್ಲಿ ಉಳಿದಿದ್ದುದು ಎರಡೇ ಪಂದ್ಯ. ಅಷ್ಟಕ್ಕೆ ಅವರಿಗೆ ಸಿಕ್ಕಿದ ಸಂಭಾವನೆ 13,824 ಡಾಲರ್.

ಈ ಕಥೆಯನ್ನು ಛಲದ ಕಥೆಯಾಗಿ ಎಲ್ಲರೂ ಬರೆದರು. ನನಗೆ ಕುತೂಹಲವಿರುವುದು ಅವರನ್ನು ಹತ್ತು ವರ್ಷ ಕಾಯಿಸಿದ ಎನ್‌ಬಿಎಯ ಕಿರಿಯ ಲೀಗ್, ಅಂದರೆ ಇಂದಿನ ಜಿ-ಲೀಗ್‌ನ ಬಗ್ಗೆ.

ಎರಡನೇ ದರ್ಜೆ ಎಂದೊಡನೆ ಎನ್‌ಬಿಎ ಮೊದಲು ಹುಟ್ಟಿತು, ಉಳಿದದ್ದು ಅದರ ಬಾಲ ಎಂದುಕೊಳ್ಳುತ್ತೇವೆ. ವಾಸ್ತವ ಬೇರೆ. ಮುಂದೆ ಎನ್‌ಬಿಎ ಆದ ಲೀಗ್ ಸ್ಥಾಪನೆಯಾದದ್ದು 1946ರ ಜೂನ್‌ನಲ್ಲಿ. ಅದಕ್ಕೂ ಕೆಲವು ವಾರ ಮೊದಲೇ, ಏಪ್ರಿಲ್‌ನಲ್ಲಿ, ಬಹುತೇಕ ಪೆನ್ಸಿಲ್ವೇನಿಯಾದ ಸಣ್ಣ ಊರುಗಳ ತಂಡಗಳು ಸೇರಿ ಒಂದು ಲೀಗ್ ಕಟ್ಟಿಕೊಂಡಿದ್ದವು. ಹಲವು ಹೆಸರು ಬದಲಿಸಿ 1978ರಲ್ಲಿ ಅದು ಕಾಂಟಿನೆಂಟಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, ಅಂದರೆ ಸಿಬಿಎ ಆಯಿತು.

ಸಿಬಿಎಗೆ ಟಿಕೆಟ್ ಮಾರಿ ಬದುಕುವ ಅನಿವಾರ್ಯತೆ ಇತ್ತು. ಹಾಗಾಗಿ ಅದರ ತಲೆ ಚುರುಕಾಗಿ ಓಡುತ್ತಿತ್ತು. ಪ್ರತಿ ಪಂದ್ಯಕ್ಕೆ ಏಳು ಪಾಯಿಂಟ್: ಗೆದ್ದವರಿಗೆ ಮೂರು, ಉಳಿದ ನಾಲ್ಕು, ಹನ್ನೆರಡು ನಿಮಿಷದ ಪ್ರತಿ ಕ್ವಾರ್ಟರ್‌ನಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಒಂದೊಂದು. ಮೂವತ್ತು ಅಂಕ ಹಿಂದೆ ಬಿದ್ದ ತಂಡವೂ ಕೊನೆಯ ಹನ್ನೆರಡು ನಿಮಿಷ ಬೆವರು ಹರಿಸಲೇಬೇಕು, ಏಕೆಂದರೆ ಆ ಒಂದು ಪಾಯಿಂಟ್ ಪಟ್ಟಿಯಲ್ಲಿ ಸೇರುತ್ತದೆ. ಏಕಪಕ್ಷೀಯ ಪಂದ್ಯದ ನಡುವೆ ಎದ್ದು ಹೋಗುವ ಪ್ರೇಕ್ಷಕನನ್ನು ಕುರ್ಚಿಗೆ ಕಟ್ಟಿಹಾಕಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನಂತೂ ಕಂಡಿಲ್ಲ. ಪ್ರೇಕ್ಷಕರು ಕಾಗದದ ವಿಮಾನ ಮಡಚಿ, ಅಂಗಳದಲ್ಲಿ ನಿಲ್ಲಿಸಿದ ಕಾರಿನ ಛಾವಣಿಯ ಕಿಂಡಿಯೊಳಗೆ ಇಳಿಸಿದರೆ ಕಾರು ಅವರದೇ ಎಂಬ ಸ್ಪರ್ಧೆಯೂ ಇತ್ತು. ನಗೆಪಾಟಲಿನಂತೆ ಕಂಡರೂ ಆಟ ಕಸುವಿನದು. ಮುಂದೆ ಎನ್‌ಬಿಎಯ ಹೆಸರಾಂತ ತರಬೇತುದಾರರಾದ ಫಿಲ್ ಜಾಕ್ಸನ್ ತರಬೇತಿಯಲ್ಲಿ ಆಲ್ಬನಿ ಪೇಟ್ರೂನ್ಸ್ 1984ರಲ್ಲಿ ಪ್ರಶಸ್ತಿ ಗೆದ್ದಿತು. ಅದೇ ತಂಡ 1990–91ರಲ್ಲಿ ಜಾರ್ಜ್ ಕಾರ್ಲ್ ಕೈಕೆಳಗೆ 56 ಪಂದ್ಯಗಳಲ್ಲಿ 50 ಗೆದ್ದಿತು, ತವರಿನಲ್ಲಿ ಒಂದನ್ನೂ ಸೋಲಲಿಲ್ಲ. ಜಾನ್ ಸ್ಟಾರ್ಕ್ಸ್ ಸಿಬಿಎಯಲ್ಲಿ ಆಡಿ ಎನ್‌ಬಿಎಗೆ ಹೋದವರು.

ಈ ಲೀಗನ್ನು ಮುಳುಗಿಸಿದ್ದು ಎನ್‌ಬಿಎಯ ದೊಡ್ಡ ಹೆಸರೇ. 1999ರಲ್ಲಿ ನಿವೃತ್ತ ತಾರೆ ಐಸಯಾ ಥಾಮಸ್ ಇಡೀ ಸಿಬಿಎಯನ್ನು ಸುಮಾರು 1 ಕೋಟಿ ಡಾಲರ್‌ಗೆ ಕೊಂಡರು. ಆಯಾ ಊರಿನ ಮಾಲೀಕರು ನಡೆಸುತ್ತಿದ್ದ ತಂಡಗಳೆಲ್ಲ ಒಂದೇ ಮುಷ್ಟಿಗೆ ಬಂದವು. ಎನ್‌ಬಿಎ ತಾನೇ ಕೊಳ್ಳಲು ಮುಂದಾದಾಗ ಥಾಮಸ್ ಒಪ್ಪಲಿಲ್ಲ. 2000ದಲ್ಲಿ ಅವರಿಗೆ ಇಂಡಿಯಾನಾ ಪೇಸರ್ಸ್ ತರಬೇತುದಾರನ ಹುದ್ದೆ ಸಿಕ್ಕಿತು. ಎನ್‌ಬಿಎ ತರಬೇತುದಾರ ಇನ್ನೊಂದು ಲೀಗ್‌ನ ಒಡೆಯನಾಗಿರುವಂತಿಲ್ಲ. ಲೀಗ್ ಟ್ರಸ್ಟ್‌ ಒಂದರ ಪಾಲಾಗಿ, 2001ರ ಫೆಬ್ರುವರಿಯಲ್ಲಿ ಋತುವಿನ ನಡುವೆಯೇ ಬಾಗಿಲು ಹಾಕಿತು. ಆಮೇಲೆ ಸಿಬಿಎ ಹೆಸರಿಗೆ ಮತ್ತೆ ಜೀವ ಬಂದು 2009ರವರೆಗೆ ಕುಂಟಿತು, ಅಷ್ಟೆ.

ಆ ಹೊತ್ತಿಗೆ ಎನ್‌ಬಿಎ ತನ್ನದೇ ಲೀಗ್‌ಗೆ ಸಿದ್ಧವಾಗಿತ್ತು. 2001ರ ನವೆಂಬರ್‌ನಲ್ಲಿ ಅಮೆರಿಕದ ಆಗ್ನೇಯ ಭಾಗದ ಎಂಟು ಊರುಗಳಲ್ಲಿ ಅದು ಶುರುವಾಯಿತು. ಮೊದಲ ವರ್ಷ ಗೆದ್ದ ಗ್ರೀನ್‌ವಿಲ್ ಗ್ರೂವ್ ತಂಡ ಮರುವರ್ಷವೇ ಆಟ ಮುಗಿಸಿ ಮುಚ್ಚಿಹೋಯಿತು; ಜನ ಅಷ್ಟು ವಿರಳವಾಗಿ ಬರುತ್ತಿದ್ದರು. ಮುಂದೆ ಡಿ-ಲೀಗ್ ಎಂದು ಹೆಸರಾದ ಇದರ ದಿಕ್ಕು ಬದಲಿಸಿದ ನಿಯಮ ಬಂದದ್ದು 2005ರಲ್ಲಿ. ಎನ್‌ಬಿಎ ತಂಡಗಳು ತಮ್ಮ ಎಳೆಯ ಆಟಗಾರರನ್ನು ಒಪ್ಪಂದ ಮುರಿಯದೆ ಇಲ್ಲಿಗೆ ಕಳಿಸಿ ವಾಪಸು ಕರೆಸಿಕೊಳ್ಳಬಹುದಾಯಿತು. ಮರುವರ್ಷ ಲೇಕರ್ಸ್ ಸ್ವಂತ ಡಿ-ಲೀಗ್ ತಂಡವನ್ನೇ ಕಟ್ಟಿತು. ಒಂದೊಂದಾಗಿ ಉಳಿದವರೂ ಅದೇ ದಾರಿ ಹಿಡಿದರು. 2024–25ರ ಹೊತ್ತಿಗೆ 30 ಎನ್‌ಬಿಎ ತಂಡಗಳಿಗೂ ಒಂದೊಂದು ಕಿರಿಯ ತಂಡ, ಜೊತೆಗೆ ಯಾರಿಗೂ ಸೇರದ ಮೆಕ್ಸಿಕೊ ಸಿಟಿಯ ಕ್ಯಾಪಿಟಾನೆಸ್. 2017ರಿಂದ ಗೇಟರೇಡ್ ಪ್ರಾಯೋಜಕತ್ವದಿಂದಾಗಿ ಹೆಸರು ಜಿ-ಲೀಗ್. ಲೀಗ್‌ನ ಹೆಸರಿನಲ್ಲೇ ತಂಪು ಪಾನೀಯದ ಅಕ್ಷರ!

ಅದೇ 2017ರಲ್ಲಿ ಬಂದ ಟು-ವೇ ಒಪ್ಪಂದವನ್ನು (ಒಬ್ಬನೇ ಆಟಗಾರ ಎನ್‌ಬಿಎ ತಂಡಕ್ಕೂ ಅದರ ಕಿರಿಯ ತಂಡಕ್ಕೂ ಆಡುವ ಏರ್ಪಾಡು) ಅರ್ಥಮಾಡಿಕೊಳ್ಳಲು ನಮ್ಮ ರೈಲಿನ ಆರ್‌ಎಸಿ ಟಿಕೆಟ್ ನೆನೆದರೆ ಸಾಕು. ಬೋಗಿಯೊಳಗೆ ಕೂರಲು ಜಾಗವಿದೆ, ಮಲಗಲು ಬರ್ತ್ ಇಲ್ಲ. ಇಂಥ ಆಟಗಾರ ಎನ್‌ಬಿಎ ತಂಡದೊಂದಿಗೆ ಹೆಚ್ಚೆಂದರೆ 50 ಪಂದ್ಯಗಳಿಗೆ ಲಭ್ಯನಿರಬಹುದು. ಪೂರ್ಣ ಒಪ್ಪಂದ ಸಿಗದಿದ್ದರೆ ಪ್ರಶಸ್ತಿ ನಿರ್ಧರಿಸುವ ಪ್ಲೇಆಫ್ ಸುತ್ತುಗಳಲ್ಲಿ ಆಡುವಂತಿಲ್ಲ. ಉಳಿದವರದು ವೇಟಿಂಗ್ ಲಿಸ್ಟ್. ಅವರ ಸಂಬಳ 2024–25ರಲ್ಲಿ ಋತುವಿಗೆ 43,000 ಡಾಲರ್. ಒಂದು ಸ್ವಾತಂತ್ರ್ಯ ಮಾತ್ರ ಅವರಿಗಿದೆ: ಯಾವ ಎನ್‌ಬಿಎ ತಂಡ ಕರೆದರೂ ಹೋಗಬಹುದು. ಊರಿನ ತಂಡ ಪ್ರಶಸ್ತಿಯ ಹೊಸ್ತಿಲಲ್ಲಿರುವಾಗಲೇ ಅದರ ಅತ್ಯುತ್ತಮ ಆಟಗಾರ ಮಾಯವಾಗುವುದು ಇಲ್ಲಿ ಮಾಮೂಲು.

ನಿಯಮಗಳ ಪ್ರಯೋಗಶಾಲೆಯೂ ಇದೇ. ರೆಫರಿ ತೀರ್ಪನ್ನು ತರಬೇತುದಾರ ಪ್ರಶ್ನಿಸುವ ಅವಕಾಶವನ್ನು ಮೊದಲು ಇಲ್ಲಿ ಪರೀಕ್ಷಿಸಿ ಎನ್‌ಬಿಎ ಒಯ್ದಿತು. ಎದುರಾಳಿ ಫೌಲ್ ಮಾಡಿದಾಗ ಸಿಗುವ ಎರಡೋ ಮೂರೋ ಫ್ರೀ ಥ್ರೋಗಳ (ಅಡ್ಡಿಯಿಲ್ಲದ ಎಸೆತಗಳ) ಬದಲು ಒಂದನ್ನೇ ಎಸೆಸಿ ಅಷ್ಟೂ ಅಂಕ ಕೊಡುವ ಪದ್ಧತಿ 2019ರಿಂದ ಇಲ್ಲಿದೆ, ಮೇಲಿನವರು ಇನ್ನೂ ಮುಟ್ಟಿಲ್ಲ.

ಭಾರತಕ್ಕೂ ಈ ಪಡಸಾಲೆ ಪರಿಚಿತ. 2015ರ ಡ್ರಾಫ್ಟ್‌ನಲ್ಲಿ (ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಡಲ್ಲಾಸ್ ಮಾವೆರಿಕ್ಸ್ 52ನೆಯವರಾಗಿ ಆಯ್ದ ಪಂಜಾಬಿನ ಸತ್ನಾಮ್ ಸಿಂಗ್ ಆಡಿದ್ದು ಡಲ್ಲಾಸ್‌ನಲ್ಲಲ್ಲ, ಅದರ ಕಿರಿಯ ತಂಡ ಟೆಕ್ಸಾಸ್ ಲೆಜೆಂಡ್ಸ್‌ನಲ್ಲಿ. ಐದು ವರ್ಷಗಳ ಬಳಿಕ ಪ್ರಿನ್ಸ್‌ಪಾಲ್ ಸಿಂಗ್ ಜಿ-ಲೀಗ್ ಇಗ್ನೈಟ್ ಸೇರಿದರು. ಕಾಲೇಜು ತಂಡಗಳು ಆಟಗಾರರಿಗೆ ಹಣ ಕೊಡುವಂತಿಲ್ಲದ ಕಾಲದಲ್ಲಿ, ಹದಿಹರೆಯದ ಪ್ರತಿಭೆಗಳಿಗೆ ಸಂಬಳ ಕೊಟ್ಟು ಸೆಳೆಯಲೆಂದೇ ಕಟ್ಟಿದ ತಂಡವದು. ಜೇಲನ್ ಗ್ರೀನ್ ಅಲ್ಲಿಂದಲೇ 2021ರ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆಯ್ಕೆಯಾದರು. ಅದೇ ವರ್ಷ ಕಾಲೇಜು ಆಟಗಾರರಿಗೆ ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಲು ಅನುಮತಿ ಸಿಕ್ಕಿತು. ಹುಡುಗರು ಕಾಲೇಜಿನತ್ತ ಹೊರಳಿದರು, 2024ರಲ್ಲಿ ಇಗ್ನೈಟ್ ಮುಚ್ಚಿತು.