ವಾಲಿದ ಸೀಮೆಕಲ್ಲು

ವಿಜಯಪುರದಿಂದ ಬಸವನ ಬಾಗೇವಾಡಿ ಕಡೆಗೆ ಹೋಗುವಾಗ, ಡಾಂಬರು ಬಿಟ್ಟು ನಾಲ್ಕು ಹೆಜ್ಜೆ ಒಳಗೆ, ಜಾಲಿ ಕಂಟಿಯ ಮಗ್ಗುಲಲ್ಲಿ ಒಂದು ಕರಿಕಲ್ಲು ನಿಂತಿದೆ. ಸೊಂಟದೆತ್ತರ. ಮೇಲ್ಗಡೆ ಸೂರ್ಯ, ಪಕ್ಕದಲ್ಲಿ ಅರ್ಧಚಂದ್ರ. ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು ಸವೆದಿವೆ. ಇದು ಊರ ಸೀಮೆಕಲ್ಲು. ಒಂದೂರಿನ ಹದ್ದು ಇಲ್ಲಿಗೆ ಮುಗಿದು ಇನ್ನೊಂದರದ್ದು ಶುರು. ಸೂರ್ಯ ಚಂದ್ರ ಇರೋ ತನಕ ಈ ಗೆರೆ ಇರಲಿ ಅಂತ ಕೆತ್ತಿದ ಗುರುತು ಅದು.

ಆದರೆ ಕಲ್ಲು ನೆಟ್ಟಗಿಲ್ಲ, ಚೆನ್ನಾಗಿಯೇ ವಾಲಿದೆ. ಯಾವುದೋ ಗಾಡಿ ಗುದ್ದಿರಬೇಕು ಅಂದುಕೊಂಡಿದ್ದೆ. ಗುದ್ದಿದ ಗುರುತೇನೂ ಇಲ್ಲ. ಎರಿ ಅಂದರೆ ಕರಿ ಜೇಡಿ ಭೂಮಿಯಲ್ಲಿ ಕಲ್ಲು ವಾಲೋದಕ್ಕೆ ಯಾರೂ ಗುದ್ದಬೇಕಾಗಿಲ್ಲ, ನೆಲವೇ ಸಾಕು.

ಮೇ ತಿಂಗಳಲ್ಲಿ ಹೋಗಿ ನೋಡಿ. ಹೊಲವೆಲ್ಲ ಬಾಯಿ ಬಿಟ್ಟಿರುತ್ತದೆ. ಕಲ್ಲಿನ ಬುಡದ ಬಿರುಕಿನೊಳಗೆ ನನ್ನ ಕೈ ಮೊಣಕೈವರೆಗೂ ಇಳಿಯಿತು. ಆಳವಾದ ಎರಿಯಲ್ಲಿ ಬಿರುಕು ಒಂದು ಮೀಟರಿಗಿಂತ ಜಾಸ್ತಿ ಇಳಿಯುವುದೂ ಉಂಟು. ಈ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ಪುಸ್ತಕದ ಹಾಳೆಗಳ ಹಾಗೆ ಒಂದರ ಮೇಲೊಂದು ಪದರ. ಮಳೆ ಬಂದರೆ ನೀರು ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಬಿಸಿಲಿಗೆ ಒಣಗಿದರೆ ಕುಗ್ಗಿ ಸೀಳುತ್ತದೆ. ಅಷ್ಟೇ ಆಗಿದ್ದರೆ ಕಲ್ಲು ಅಲುಗಾಡಿ ಮತ್ತೆ ತನ್ನ ಜಾಗಕ್ಕೇ ಬರುತ್ತಿತ್ತೇನೋ. ಆದರೆ ಬೇಸಿಗೆಯಲ್ಲಿ ಮೇಲಿನ ಪುಡಿಮಣ್ಣು ಬಿರುಕಿಗೆ ಬೀಳುತ್ತದೆ. ಮುಂದಿನ ಮಳೆಗೆ ಒಳಗಿನ ಮಣ್ಣು ಉಬ್ಬಿದಾಗ ಅದಕ್ಕೆ ಜಾಗವೇ ಇರುವುದಿಲ್ಲ. ಪಕ್ಕಕ್ಕೆ, ಮೇಲಕ್ಕೆ ಒತ್ತುತ್ತದೆ. ಹೂತ ಕಲ್ಲನ್ನೂ ಜೊತೆಗೆ ತಳ್ಳುತ್ತದೆ. ವರ್ಷಕ್ಕೆ ಕೂದಲೆಳೆಯಷ್ಟೇ ಇರಬಹುದು, ಆದರೆ ಎಷ್ಟೋ ಮಳೆಗಾಲಗಳ ಲೆಕ್ಕ ಅದು.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಈ ಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದ ಲಾವಾ ಆರಿ ಗಟ್ಟಿಯಾದದ್ದು. ಸುತ್ತಲಿನ ಎರಿಯೂ ಅದೇ ಬಸಾಲ್ಟ್ ಸವೆದು, ಪುಡಿಯಾಗಿ ಆದ ಮಣ್ಣು. ಕಲ್ಲು, ಅದನ್ನು ಅಲುಗಿಸುವ ನೆಲ ಎರಡೂ ಒಂದೇ ಬಂಡೆಯ ಮಕ್ಕಳು.

ಹಾಗಾದರೆ ಸರಿದ ಕಲ್ಲನ್ನು ನಂಬಿ ಊರಿನ ಹದ್ದು ಹೇಳೋದು ಹೇಗೆ? ಹಿಂದಿನವರಿಗೂ ಈ ಚಿಂತೆ ಇತ್ತು. ರಾತ್ರೋರಾತ್ರಿ ಕಲ್ಲು ಸರಿಸುವವರ ಭಯವೂ ಇತ್ತು ಅನ್ನಿ. ಮನುಸ್ಮೃತಿಯ 8ನೇ ಅಧ್ಯಾಯದಲ್ಲಿ ಒಂದು ಉಪಾಯವಿದೆ: ಸೀಮೆಯಲ್ಲಿ ಕಾಣದ ಗುರುತುಗಳನ್ನೂ ಹೂಳಬೇಕು. ಬೂದಿ, ಇಟ್ಟಿಗೆ, ಮಡಕೆ ಚೂರು, ಮರಳು, ಇದ್ದಿಲು ಹೀಗೆ, ಬಹುಕಾಲ ಮಣ್ಣು ತಿನ್ನದಂಥವು. ಇದ್ದಿಲನ್ನು ಆರಿಸಿದ್ದು ಬಲು ಜಾಣತನ. ಕಟ್ಟಿಗೆ ಹೂತರೆ ಗೆದ್ದಲು, ಬೂಷ್ಟು ತಿಂದು ಮುಗಿಸುತ್ತವೆ. ಅದನ್ನೇ ಗಾಳಿಯಾಡದಂತೆ ಸುಟ್ಟರೆ ಉಳಿಯುವ ಇಂಗಾಲದ ಪರಮಾಣುಗಳು ಉಂಗುರ ಉಂಗುರವಾಗಿ ಬಿಗಿಯಾಗಿ ಹೆಣೆದುಕೊಳ್ಳುತ್ತವೆ. ಸೂಕ್ಷ್ಮಜೀವಿಗಳಿಗೆ ಆ ಹೆಣಿಗೆ ಬಿಡಿಸೋದು ಬಹಳ ಕಷ್ಟ. ಸಾವಿರಾರು ವರ್ಷ ಹಳೆಯ ಇದ್ದಿಲು ಇವತ್ತಿಗೂ ಅಗೆತದಲ್ಲಿ ಸಿಗೋದು ಇದಕ್ಕೇ. ಎರಿಯಲ್ಲಿ ಮೇಲುಮೇಲೆ ಹೂತರೆ ಮಾತ್ರ ಇದ್ದಿಲೂ ಸರಿಯುತ್ತದೆ. ಕೆಳಗಿನ ಗರಸು, ಅಂದರೆ ಕಲ್ಲುಚೂರಿನ ಗಟ್ಟಿ ಪದರ, ಹತ್ತುವ ತನಕ ಇಳಿಸಬೇಕು. ಗರಸು ಎರಿಯ ಹಾಗೆ ಉಬ್ಬುವುದಿಲ್ಲ.

ಇಂಥ ಕಲ್ಲುಗಳು ರಸ್ತೆ ಅಗಲ ಮಾಡುವಾಗ ಸುಮ್ನೆ ಕಳೆದುಹೋಗುತ್ತವೆ. ನಿಮ್ಮೂರಿನದ್ದನ್ನು ಜೆಸಿಬಿ ಎತ್ತೋ ಮೊದಲು ದಯವಿಟ್ಟು ಫೋಟೋ ತೆಗೆದು, ಫೋನಿನಲ್ಲಿ ಜಾಗದ ಗುರುತು ಹಾಕಿಡಿ. ಕಲ್ಲು ಎತ್ತಿದ ಮೇಲೆ ಅದು ನಿಂತಿದ್ದ ಕುಣಿಯ ತಳ ನೋಡಿ. ಕರಿ ಮಣ್ಣಿನಲ್ಲಿ ಕರಿ ಇದ್ದಿಲು ಕಣ್ಣಿಗೆ ಬೀಳೋದಿಲ್ಲ. ಒಂದು ಬುಟ್ಟಿ ಮಣ್ಣು ಒಣಗಿಸಿ, ಬಕೆಟ್ ನೀರಿಗೆ ಹಾಕಿ ಮೆಲ್ಲಗೆ ಕಲಕಿ. ಇದ್ದಿಲ ಚೂರು ಇದ್ದರೆ ಮೇಲೆ ತೇಲುತ್ತದೆ.