ನಡುಗಂಬ ಕಿತ್ತ ಕಾರುಗಳು

ನಿಲ್ಲಿಸಿಟ್ಟ ಹೊಸ ಕಾರುಗಳ ಸಾಲನ್ನು ಪಕ್ಕದಿಂದ ನೋಡುತ್ತ ಹೋಗಿ. ಮೈಬಣ್ಣ ಕೆಂಪೋ ಬಿಳಿಯೋ ಏನೇ ಇರಲಿ, ಮುಂಬಾಗಿಲಿಗೂ ಹಿಂಬಾಗಿಲಿಗೂ ನಡುವೆ ಚಾವಣಿಗೆ ಏರುವ ಕಂಬ ಮಾತ್ರ ಬಹುಪಾಲು ಕಪ್ಪಾಗಿರುತ್ತದೆ. ಕಡಿಮೆ ಬೆಲೆಯ ಮಾದರಿಗಳಲ್ಲಿ ಈ ಕಪ್ಪು ಇರದಿದ್ದರೆ ಮಾಲೀಕರು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೋಗಿ, ದುಡ್ಡು ಕೊಟ್ಟು ಟೇಪ್ ಅಂಟಿಸಿಕೊಂಡು ಬರುತ್ತಾರೆ. ಕಾರು ಬಲ್ಲವರು ಬಿ-ಪಿಲ್ಲರ್ ಎನ್ನುವ ಈ ನಡುಗಂಬ ಇದ್ದೂ ಇಲ್ಲದಂತೆ ತೋರಬೇಕು ಎಂಬುದೇ ಉದ್ದೇಶ. ಹಗಲಿನಲ್ಲಿ ಕಾರಿನ ಒಳಗಿನ ಬೆಳಕು ಹೊರಗಿನದಕ್ಕಿಂತ ಬಹಳ ಕಡಿಮೆ. ಹಾಗಾಗಿ ಹೊರಗಿನಿಂದ ನೋಡುವವರಿಗೆ ಕಿಟಕಿಯ ಗಾಜು ಕಪ್ಪಾಗಿ ಕಾಣುತ್ತದೆ. ನಡುವಿನ ಕಂಬವೂ ಹೊಳೆಯುವ ಕಪ್ಪಾದರೆ ಎರಡು ಕಿಟಕಿಗಳು ಕೂಡಿ ಒಂದೇ ಉದ್ದನೆಯ ಪಟ್ಟಿಯಾಗುತ್ತವೆ.

ಕಂಬವನ್ನು ಹೀಗೆ ಮರೆಮಾಚುವ ಬದಲು ನಿಜವಾಗಿಯೇ ತೆಗೆದುಹಾಕಿದ ಕಾರುಗಳು ಒಂದು ಕಾಲದಲ್ಲಿ ಅಮೆರಿಕದ ಹೆದ್ದಾರಿಗಳನ್ನು ಆಳಿದವು. ಅವುಗಳ ಹೆಸರು ಹಾರ್ಡ್‌ಟಾಪ್.

ಜನರಲ್ ಮೋಟರ್ಸ್ ಕಂಪನಿ 1949ರಲ್ಲಿ ಮೂರು ಕಾರುಗಳನ್ನು ಮಾರುಕಟ್ಟೆಗೆ ಬಿಟ್ಟಿತು: ಬ್ಯೂಕ್ ರೋಡ್‌ಮಾಸ್ಟರ್ ರಿವಿಯೆರಾ, ಕ್ಯಾಡಿಲಾಕ್ ಕೂಪ್ ಡಿ ವಿಲ್ ಮತ್ತು ಓಲ್ಡ್ಸ್‌ಮೊಬೀಲ್ 98 ಹಾಲಿಡೇ. ಚಾವಣಿ ಮಡಚುವ ಕನ್ವರ್ಟಿಬಲ್ ಕಾರಿನ ಮೈಗೆ ಉಕ್ಕಿನ ಚಾವಣಿಯನ್ನು ಕೂರಿಸಿದಂಥ ರಚನೆ ಇವುಗಳದು. ನಾಲ್ಕೂ ಗಾಜುಗಳನ್ನು ಇಳಿಸಿದರೆ ಮುಂಗಾಜಿನಿಂದ ಹಿಂಗಂಬದವರೆಗೆ ಅಡ್ಡವೇ ಇರುತ್ತಿರಲಿಲ್ಲ. ಬ್ಯೂಕ್‌ನ ಎಂಜಿನಿಯರ್ ಎಡ್ವರ್ಡ್ ರ‍್ಯಾಗ್ಸ್‌ಡೇಲ್ ಅವರ ಪತ್ನಿ ಕನ್ವರ್ಟಿಬಲ್ ಕಾರನ್ನೇ ಬಯಸುತ್ತಿದ್ದರಂತೆ, ಆದರೆ ಕೂದಲು ಕೆದರುತ್ತದೆಂದು ಚಾವಣಿಯನ್ನು ಮಾತ್ರ ಒಮ್ಮೆಯೂ ತೆರೆಯುತ್ತಿರಲಿಲ್ಲವಂತೆ. ಹಾರ್ಡ್‌ಟಾಪ್ ಹುಟ್ಟಿದ್ದು ಅಲ್ಲಿಂದ ಎನ್ನುವ ಕತೆ ವಾಹನಲೋಕದಲ್ಲಿ ಚಾಲ್ತಿಯಲ್ಲಿದೆ. ಕತೆಯ ತೂಕ ಎಷ್ಟೇ ಇರಲಿ, ಕೊಳ್ಳುವವರ ಮನಸ್ಸನ್ನು ಅದು ಸರಿಯಾಗಿಯೇ ಹೇಳುತ್ತದೆ: ಜನರಿಗೆ ಬೇಕಿದ್ದದ್ದು ಕನ್ವರ್ಟಿಬಲ್‌ನ ಠೀವಿ, ಅದರ ಗಾಳಿ ಮಳೆಯಲ್ಲ. ಕೆಲವು ಹಾರ್ಡ್‌ಟಾಪ್‌ಗಳ ಒಳಚಾವಣಿಯಲ್ಲಿ, ಬಟ್ಟೆಯ ಚಾವಣಿಯನ್ನು ಹಿಡಿದಿಡುವ ಕಮಾನುಗಳನ್ನು ಅನುಕರಿಸುವ ಕ್ರೋಮ್ ಪಟ್ಟಿಗಳೂ ಇರುತ್ತಿದ್ದವು. ಹಿಡಿದಿಡಲು ಅಲ್ಲಿ ಬಟ್ಟೆಯೇ ಇರಲಿಲ್ಲ!

ಎರಡು ಬಾಗಿಲಿನ ಕಾರಿನಲ್ಲಿ ಕಂಬ ತೆಗೆಯುವುದು ಅಷ್ಟು ಕಷ್ಟವಲ್ಲ, ಕಿಟಕಿಗಿಂತ ಕೆಳಗಿನ ಅರ್ಧಕಂಬ ಹೇಗೂ ಉಳಿದಿರುತ್ತದೆ. ಧೈರ್ಯದ ಕೆಲಸವೆಂದರೆ 1955ರ ನಡುವಿನಲ್ಲಿ ಬ್ಯೂಕ್ ಮತ್ತು ಓಲ್ಡ್ಸ್‌ಮೊಬೀಲ್ ತಂದ ನಾಲ್ಕು ಬಾಗಿಲಿನ ಹಾರ್ಡ್‌ಟಾಪ್. ಮುಂಬಾಗಿಲ ಚಿಲಕ ಕೂರುವುದೂ ಹಿಂಬಾಗಿಲ ಕೀಲು ತೂಗುವುದೂ ಕಿಟಕಿಯ ಮಟ್ಟಕ್ಕೇ ನಿಂತುಹೋಗುವ ಒಂದು ಮೋಟುಗಂಬದ ಮೇಲೆ. ಮರುವರ್ಷವೇ ಅಮೆರಿಕನ್ ಮೋಟರ್ಸ್ ಕಂಪನಿ ತನ್ನ ರ‍್ಯಾಂಬ್ಲರ್ ಹೆಸರಿನ, ಸಾಮಾನಿನ ಜಾಗದವರೆಗೂ ಚಾವಣಿ ಚಾಚಿದ ಸ್ಟೇಷನ್ ವ್ಯಾಗನ್‌ಗೂ ಇದೇ ವೇಷ ತೊಡಿಸಿತು.

ಅಷ್ಟಕ್ಕೂ ಆ ಕಂಬ ಮಾಡುವ ಕೆಲಸವೇನು? ತೊಟ್ಟಿಮನೆಯ ಉದ್ದನೆಯ ತೊಲೆಯ ಕೆಳಗಿನಿಂದ ನಡುವಿನ ಕಂಬವನ್ನು ಎಳೆದುಬಿಟ್ಟರೆ ಆಗುವುದೇ ಇಲ್ಲಿಯೂ ಆಗುತ್ತದೆ. ಬಾಗಿಲುಗಳ ಮೇಲೆ ಚಾವಣಿಯ ಅಂಚಿನುದ್ದಕ್ಕೂ ಹಾಯುವ ಉಕ್ಕಿನ ತೊಲೆ ಈಗ ಒಂದೇ ನೆಗೆತದಲ್ಲಿ ಮುಂಗಂಬದಿಂದ ಹಿಂಗಂಬವನ್ನು ಮುಟ್ಟಬೇಕು. ತೊಲೆಯ ನಡುವೆ ಅದೇ ಭಾರ ಬಿದ್ದಾಗ ಅದು ಬಾಗುವ ಪ್ರಮಾಣ ಉದ್ದದ ಘನವನ್ನು ಅನುಸರಿಸುತ್ತದೆ. ಅಂದರೆ ಆಸರೆಗಳ ನಡುವಿನ ಅಂತರ ಇಮ್ಮಡಿಯಾದರೆ ಬಾಗು ಎಂಟು ಪಟ್ಟಾಗುತ್ತದೆ. ಇದನ್ನು ಸರಿದೂಗಿಸಲು ತೊಲೆಯನ್ನು ದಪ್ಪ ಮಾಡಬೇಕು, ಬಾಗಿಲ ಕೆಳಗಿನ ಅಂಚನ್ನು ಬಲಪಡಿಸಬೇಕು, ಚಾಸಿಗೆ ಅಡ್ಡಪಟ್ಟಿ ಸೇರಿಸಬೇಕು. ಹಾಗಾಗಿ ಕಂಬ ಹೋದ ಕಾರು ಹಗುರಾಗುವ ಬದಲು ಸಾಮಾನ್ಯವಾಗಿ ಭಾರವೇ ಆಗುತ್ತದೆ.

ಒಂದು ಚಕ್ರ ಗುಂಡಿಗೆ ಇಳಿದಾಗ ಕಾರಿನ ಮೈ ತಿರುಚಿಕೊಳ್ಳುತ್ತದಲ್ಲ, ಅದನ್ನು ತಡೆಯುವುದರಲ್ಲಿ ಚಾವಣಿಯ ಪಾಲು ದೊಡ್ಡದು, ನಡುಗಂಬದ ಪಾಲು ಅದಕ್ಕಿಂತ ಚಿಕ್ಕದು. ಆದ್ದರಿಂದಲೇ ಹಾರ್ಡ್‌ಟಾಪ್‌ಗಳು ಕನ್ವರ್ಟಿಬಲ್‌ಗಳಿಗಿಂತ ಗಟ್ಟಿಯಾಗಿದ್ದವು. ಆದರೂ ಚೂರು ತಿರುಚು ಸಾಕಿತ್ತು, ಚೌಕಟ್ಟಿಲ್ಲದ ಗಾಜಿನ ಅಂಚು ರಬ್ಬರ್ ಬೀಡಿಂಗ್‌ನಿಂದ ಕದಲಿ ನೀರು ಒಳಗಿಳಿಯುತ್ತಿತ್ತು. ವೇಗ ಹೆಚ್ಚಿದಾಗ ಕಿಟಕಿಯ ಹೊರಮೈ ಸವರಿ ಓಡುವ ಗಾಳಿಯ ಒತ್ತಡ ಇಳಿದು, ಒಳಗಿನ ಒತ್ತಡ ಗಾಜನ್ನು ಹೊರಕ್ಕೆ ನೂಕುತ್ತದೆ. ಆ ಸಂದಿಯಲ್ಲೇ ಸಿಳ್ಳೆ ಹುಟ್ಟುವುದು. ಫ್ರಾನ್ಸಿನ ಫಾಸೆಲ್ ವೇಗಾ ಎಕ್ಸಲೆನ್ಸ್ 1958ರಿಂದ 1964ರವರೆಗೆ ತಯಾರಾದ ನಾಲ್ಕು ಬಾಗಿಲಿನ ವೈಭವದ ಕಾರು. ಅದರಲ್ಲಿ ಮೋಟುಗಂಬವೂ ಇರಲಿಲ್ಲ. ಹಿಂಬಾಗಿಲುಗಳು ಹಿಂದಿನ ಕೀಲಿನ ಮೇಲೆ ತಿರುಗಿ ತೆರೆಯುತ್ತಿದ್ದವು, ಚಿಲಕಗಳು ನೆಲಮಟ್ಟದಲ್ಲಿ ಕಚ್ಚಿಕೊಳ್ಳುತ್ತಿದ್ದವು. ಉದ್ದನೆಯ ಮೈ ಬಾಗಿದಾಗ ಬಾಗಿಲುಗಳು ಸರಿಯಾಗಿ ಕೂರುವುದಿಲ್ಲವೆಂಬ ದೂರು ಅದನ್ನು ಕೊನೆಯವರೆಗೂ ಬಿಡಲಿಲ್ಲ. ಇದೇ ಸಾಹಸವನ್ನು ಇಟಲಿಯ ಲಾಂಚಿಯಾ 1937ರ ಅಪ್ರೀಲಿಯಾದಲ್ಲೇ ಮಾಡಿತ್ತು. ಅದು ಚಿಕ್ಕ, ಹಗುರ ಕಾರು. ಬಾಗಿಲುಗಳು ಮೇಲೆ ಚಾವಣಿಗೂ ಕೆಳಗೆ ನೆಲಕ್ಕೂ ಕಚ್ಚಿಕೊಳ್ಳುತ್ತಿದ್ದವು. ಅಂತರ ಕಡಿಮೆಯಿದ್ದರೆ ಘನದ ಲೆಕ್ಕವೂ ಅಷ್ಟು ಕಾಡುವುದಿಲ್ಲ.

ಹಾರ್ಡ್‌ಟಾಪ್‌ಗಳನ್ನು ಅಮೆರಿಕದ ಸುರಕ್ಷಾ ಕಾನೂನು ಕೊಂದಿತು ಎಂಬ ಮಾತು ಕಾರುಪ್ರಿಯರ ನಡುವೆ ಬಹಳ ಕೇಳಿಬರುತ್ತದೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. 1973ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ನಿಯಮದ ಪ್ರಕಾರ ಚಾವಣಿಯ ಮುಂದಿನ ಮೂಲೆಯ ಮೇಲೆ ಓರೆಯಾಗಿ ಒಂದು ಉಕ್ಕಿನ ಫಲಕವನ್ನು ಒತ್ತಬೇಕು. ಕಾರಿನ ತೂಕದ ಒಂದೂವರೆ ಪಟ್ಟು ಅಥವಾ ಸುಮಾರು 2,268 ಕಿಲೋ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಭಾರ ಬಿದ್ದಾಗ ಚಾವಣಿ 127 ಮಿಲಿಮೀಟರ್‌ಗಿಂತ ಹೆಚ್ಚು ಕುಸಿಯಬಾರದು. ಒತ್ತಡ ಬೀಳುವುದು ಮುಖ್ಯವಾಗಿ ಮುಂಗಂಬದ ಮೇಲೆ. ಆದ್ದರಿಂದ ನಡುಗಂಬವಿಲ್ಲದೆಯೂ ಇದರಲ್ಲಿ ಪಾಸಾಗಬಹುದಿತ್ತು. ನಿಯಮ ಬಂದ ಮೇಲೂ ಜನರಲ್ ಮೋಟರ್ಸ್‌ನ ನಾಲ್ಕು ಬಾಗಿಲಿನ ಹಾರ್ಡ್‌ಟಾಪ್‌ಗಳು 1976ರವರೆಗೆ, ಕ್ರೈಸ್ಲರ್‌ನವು 1978ರವರೆಗೆ ಬರುತ್ತಲೇ ಇದ್ದವು.

ಕಾನೂನಿಗಿಂತ ಅದರ ಭಯ ದೊಡ್ಡದಿತ್ತು. ಮುಂದೆ ಇನ್ನೂ ಕಠಿಣ ನಿಯಮ ಬಂದೀತೆಂದು ಕಂಪನಿಗಳು ಮೊದಲೇ ನಕ್ಷೆ ಬದಲಿಸಿದವು. 1973ರ ಜನರಲ್ ಮೋಟರ್ಸ್‌ನ ಮಧ್ಯಮ ಗಾತ್ರದ ಕಾರುಗಳಿಗೆ ಕಂಬ ಮರಳಿ ಬಂದದ್ದು ಹೀಗೆ. ಭುಜಕ್ಕೆ ಬರುವ ಸೀಟ್‌ಬೆಲ್ಟ್ 1968ರಿಂದ ಕಡ್ಡಾಯವಾದಾಗ, ಅದರ ಮೇಲಿನ ತುದಿಯನ್ನು ಕಟ್ಟಲು ಹಾರ್ಡ್‌ಟಾಪ್‌ನಲ್ಲಿ ಕಂಬವೇ ಇರಲಿಲ್ಲ. ಚಾವಣಿಯ ಅಂಚಿನಲ್ಲಿ ಪ್ರತ್ಯೇಕ ಪಟ್ಟಿಯೊಂದನ್ನು ತೂಗುಹಾಕಿದರು, ಯಾರೂ ಅದನ್ನು ಪ್ರೀತಿಯಿಂದ ಬಳಸಲಿಲ್ಲ. ಇವೆಲ್ಲಕ್ಕಿಂತ ದೊಡ್ಡ ಹೊಡೆತ ಕೊಟ್ಟದ್ದು ಏರ್‌ಕಂಡೀಷನರ್. ಗಾಜನ್ನು ಇಳಿಸುವವರೇ ಇಲ್ಲವೆಂದ ಮೇಲೆ ಇಳಿಸಿದಾಗ ಮಾತ್ರ ಚೆಂದ ಕಾಣುವ ಕಾರಿಗೆ, ಸೋರುವ ಬೀಡಿಂಗ್ ಜೊತೆಗೆ, ಹೆಚ್ಚು ಹಣ ಕೊಡುವವರು ಯಾರು?

ಜಪಾನಿನಲ್ಲಿ ಇದರ ಆಯುಷ್ಯ ಇನ್ನೂ ಸ್ವಲ್ಪ ಬೆಳೆಯಿತು. ಟೊಯೊಟಾ ಕೊರೊನಾ 1965ರಲ್ಲಿ ಹಾರ್ಡ್‌ಟಾಪ್ ರೂಪ ತಾಳಿತು. 1985ರ ಟೊಯೊಟಾ ಕರೀನಾ ಇಡಿ ನಾಲ್ಕು ಬಾಗಿಲಿದ್ದೂ ಕಂಬವಿಲ್ಲದ, ತೀರಾ ತಗ್ಗಿನ ಕಾರು. ಹಿಂದೆ ಕೂತವರ ತಲೆ ಚಾವಣಿಗೆ ತಾಗುವಂತಿದ್ದರೂ ಜನ ಮುಗಿಬಿದ್ದು ಕೊಂಡರು. 1990ರ ದಶಕದಲ್ಲಿ ಪಕ್ಕದ ಡಿಕ್ಕಿಯ ಸುರಕ್ಷತೆ ಮುನ್ನೆಲೆಗೆ ಬಂದಾಗ ಅಲ್ಲಿಯೂ ಕಂಬ ಮರಳಿತು.

ಪಕ್ಕದ ಡಿಕ್ಕಿಯೇ ನಡುಗಂಬದ ನಿಜವಾದ ವಾದ. ಮುಂದಿನಿಂದ ಡಿಕ್ಕಿಯಾದರೆ ನಜ್ಜುಗುಜ್ಜಾಗಲು ಎಂಜಿನ್ ಕೋಣೆಯಷ್ಟು ಜಾಗವಿದೆ. ಪಕ್ಕದಲ್ಲಿ ಬಾಗಿಲಿಗೂ ಪಕ್ಕೆಲುಬಿಗೂ ನಡುವೆ ಇರುವುದು ಒಂದು ಗೇಣು. ಅಲ್ಲಿ ಉಕ್ಕು ಕುಸಿಯಲು ಅವಕಾಶವೇ ಇಲ್ಲ, ತಡೆದು ನಿಲ್ಲಬೇಕು. ಆದ್ದರಿಂದ ಇಂದಿನ ನಡುಗಂಬ ಸಾದಾ ಉಕ್ಕಲ್ಲ. ಚಿಟಿಕೆಯಷ್ಟು ಬೋರಾನ್ ಬೆರೆಸಿದ ಉಕ್ಕಿನ ತಗಡನ್ನು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ತಣ್ಣನೆಯ ಅಚ್ಚಿನಲ್ಲಿ ಒತ್ತುತ್ತಲೇ ಆರಿಸುತ್ತಾರೆ. ಹೊರಬರುವ ಕಂಬದ ಬಲ ಸುಮಾರು 1,500 ಮೆಗಾಪಾಸ್ಕಲ್. ಸಾದಾ ಉಕ್ಕಿನದು ಸುಮಾರು 300. ಕೆಲವು ಕಾರುಗಳಲ್ಲಿ ಕಂಬದ ಕೆಳಭಾಗವನ್ನು ಬೇಕೆಂದೇ ಮೆದುವಾಗಿ ಬಿಡುತ್ತಾರೆ. ಬಾಗಲೇಬೇಕಾದರೆ ತಲೆ, ಎದೆಯ ಮಟ್ಟದಲ್ಲಿ ಬೇಡ, ಸೊಂಟದ ಕೆಳಗೆ ಬಾಗಲಿ ಎಂಬ ಲೆಕ್ಕ. ಅಮೆರಿಕದ ಚಾವಣಿ ನಿಯಮವೂ 2009ರ ತಿದ್ದುಪಡಿಯಲ್ಲಿ ಒಂದೂವರೆ ಪಟ್ಟಿನಿಂದ ಮೂರು ಪಟ್ಟಿಗೆ ಏರಿತು.

ಇಷ್ಟಾದರೂ ಆಸೆ ಸತ್ತಿಲ್ಲ. ಸತ್ತಿದ್ದರೆ ಕಪ್ಪು ಟೇಪಿನ ವ್ಯಾಪಾರ ನಡೆಯುತ್ತಿರಲಿಲ್ಲ. ಹಣ ಇದ್ದವರಿಗೆ ಇಂದಿಗೂ ಕಂಬವಿಲ್ಲದ ಎರಡು ಬಾಗಿಲಿನ ಕಾರು ಸಿಗುತ್ತದೆ. 2003ರ ಬೆಂಟ್ಲಿ ಕಾಂಟಿನೆಂಟಲ್ ಜಿಟಿ ಅಂಥದ್ದು, ಮರ್ಸಿಡಿಸ್ ದಶಕಗಳ ಕಾಲ ಈ ಸಂಪ್ರದಾಯವನ್ನು ಬಿಡದೆ ಪಾಲಿಸಿತು. ಮರ್ಸಿಡಿಸ್‌ನ ಇಂಥ ಎರಡು ಬಾಗಿಲಿನ ಕಾರುಗಳಲ್ಲಿ ಕೂತು ಬಾಗಿಲು ಹಾಕಿದೊಡನೆ ಹಿಂದಿನಿಂದ ಒಂದು ಯಾಂತ್ರಿಕ ತೋಳು ಚಾಚಿ ಸೀಟ್‌ಬೆಲ್ಟನ್ನು ಭುಜದ ಬಳಿ ತಂದು ಒಪ್ಪಿಸುತ್ತದೆ. ಒಂದು ಕಂಬ ಇಲ್ಲದ್ದಕ್ಕೆ ಒಂದು ಮೋಟರು, ಒಂದು ತೋಳು! ಸಾಮಾನ್ಯರ ಕಾರಿನಲ್ಲಿ ಕಂಬವನ್ನು ಬಾಗಿಲಿನೊಳಗೇ ಅಡಗಿಸಿದ ಪ್ರಯೋಗಗಳು ನನಗೆ ಇದಕ್ಕಿಂತ ಇಷ್ಟ. 2003ರ ಮಾಜ್ದಾ ಆರ್‌ಎಕ್ಸ್-8, 2012ರ ಫೋರ್ಡ್ ಬಿ-ಮ್ಯಾಕ್ಸ್ ಮತ್ತು ಜಪಾನಿನ ದೈಹತ್ಸು ತಾಂತೊದ ಒಂದು ಪಕ್ಕ, ಇವುಗಳಲ್ಲಿ ಬಾಗಿಲು ಮುಚ್ಚಿದಾಗ ಅದರೊಳಗಿನ ಉಕ್ಕಿನ ಕಟ್ಟು ಚಾವಣಿಗೂ ನೆಲಕ್ಕೂ ಬೆಸೆದುಕೊಂಡು ಕಂಬವಾಗುತ್ತದೆ. ತೆರೆದರೆ ಕಂಬವೂ ಬಾಗಿಲಿನ ಜೊತೆ ಹೊರಟುಹೋಗುತ್ತದೆ. ಹೊರಗಿನಿಂದ ನೋಡಿದವರು ತಲೆದೂಗುವಂಥ ಚೆಲುವು ಇವುಗಳಿಗಿಲ್ಲ. ಮಗುವಿನ ಗಾಡಿಯನ್ನೋ ಗಾಲಿಕುರ್ಚಿಯನ್ನೋ ಒಳಗೆ ಎತ್ತಿಡುವವರಿಗೆ ಮಾತ್ರ ಅದರ ಬೆಲೆ ಗೊತ್ತು.

ಹಳೆಯ ಹಾರ್ಡ್‌ಟಾಪ್‌ಗಳನ್ನು ಹುಡುಕಿ ಕೊಳ್ಳುವವರು ಈಗಲೂ ಇದ್ದಾರೆ. ಕೊಳ್ಳುವ ಮೊದಲು ಬಣ್ಣ, ಎಂಜಿನ್ ನೋಡುವುದು ಇದ್ದದ್ದೇ. ಅದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ: ಜಾಕ್ ಹಚ್ಚಿ ಒಂದು ಮೂಲೆಯನ್ನು ಮೇಲೆತ್ತಿ, ಬಾಗಿಲು ತೆರೆದು ಮುಚ್ಚಿ ನೋಡಬೇಕು. ಬಾಗಿಲು ಕಚ್ಚಿಕೊಂಡು ಬರಲು ಒಪ್ಪದಿದ್ದರೆ ಕೆಳಗಿನ ಅಂಚಿನ ತೊಲೆ ಒಳಗೊಳಗೇ ತುಕ್ಕು ತಿಂದಿದೆ ಎಂಬ ಅನುಮಾನ ಬಲವಾಗುತ್ತದೆ. ಅಲ್ಲಿಂದಾಚೆಗೆ ಟಿಂಕರಿಂಗ್ ಮಾಡುವವರು ಕೇಳುವ ಹಣ ಕಾರಿನ ಬೆಲೆಯನ್ನೇ ಮೀರಬಹುದು.