ಮೋಡ ಕೆಳಗಿಳಿದರೆ ವಿಮಾನವೂ ಯಾಕೆ ಕೆಳಗಿಳಿಯಬೇಕು?

ಪ್ರಶ್ನೆ: ನಾವು ಪುಣೆಯಲ್ಲಿದ್ದೇವೆ. ಮಗಳು ಬಾರಾಮತಿಯಲ್ಲಿ ಪೈಲಟ್ ತರಬೇತಿ ಪಡೆಯುತ್ತಿದ್ದಾಳೆ. ಹವಾಮಾನ ಕೆಟ್ಟರೆ ಇನ್ನೂ ಕೆಳಗೆ, ರನ್‌ವೇಗೆ ಇನ್ನೂ ಹತ್ತಿರ ಸುತ್ತಿ ಇಳಿಯಬೇಕಂತೆ. ಅಪಾಯ ಜಾಸ್ತಿ ಆಗಲ್ವಾ?

ಉತ್ತರ: ಆಗುತ್ತದೆ, ನಿಮ್ಮ ಆತಂಕ ಸುಮ್ನೆ ಅಲ್ಲ. ನೆಲ ಹತ್ತಿರವಾದಷ್ಟೂ ತಪ್ಪು ತಿದ್ದಿಕೊಳ್ಳಲು ಸಮಯ ಕಡಿಮೆ. ಆದರೆ ಹೊರಗೆ ನೋಡಿಕೊಂಡೇ ಹಾರುವವರು ಮೋಡದೊಳಗೆ ಹೊಕ್ಕರೆ ಅದು ಇನ್ನೂ ಕೆಟ್ಟದ್ದು. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದೇ ತಿಳಿಯುವುದಿಲ್ಲ.

ಮಾಮೂಲಿ ದಿನ ಸರ್ಕ್ಯೂಟ್ (ಇಳಿಯುವ ಮುಂಚೆ ರನ್‌ವೇ ಪಕ್ಕ ಹಾಕುವ ಸುತ್ತು) ಹಾರುವುದು ನೆಲದಿಂದ ಸುಮಾರು 1000 ಅಡಿ ಮೇಲೆ. ಮೋಡ ಅಲ್ಲಿಗೇ ಬಂದು ಕೂತರೆ 500–600 ಅಡಿಗೆ ಇಳಿಯಬೇಕು. ಮಳೆಯಲ್ಲಿ ರನ್‌ವೇ ಕಣ್ಣಿಂದ ಜಾರಬಾರದು, ಹಾಗಾಗಿ ಅದರ ಹತ್ತಿರಕ್ಕೆ ಸರಿಯಬೇಕು. ಆಗ ತಿರುವೂ ಚಿಕ್ಕದಾಗಬೇಕು. ಅದಕ್ಕಂತ ರೆಕ್ಕೆಯನ್ನು ಜಾಸ್ತಿ ವಾಲಿಸಬಾರದು. ಎತ್ತರ ಬಿಡದೆ 60 ಡಿಗ್ರಿ ವಾಲಿಸಿದರೆ ಸ್ಟಾಲ್ ಆಗುವ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ) ವೇಗ ಶೇ 41ರಷ್ಟು ಏರುತ್ತದೆ. ಬದಲಿಗೆ ಸ್ವಲ್ಪ ಫ್ಲಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಇಳಿಸಿ ನಿಧಾನವಾಗುತ್ತಾರೆ. 30 ಡಿಗ್ರಿ ವಾಲಿದಾಗ 90 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ವೇಗದ ತಿರುವಿಗೆ ಸುಮಾರು 380 ಮೀಟರ್ ತ್ರಿಜ್ಯ ಬೇಕು, 70 ನಾಟ್‌ಗೆ 230 ಸಾಕು.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಗಾಳಿ. ಮಳೆಗಾಲದಲ್ಲಿ ಆ ಕಡೆ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಇಳಿಯುವುದು ಗಾಳಿಗೆ ಎದುರಾಗಿ, ಅಂದರೆ ಡೌನ್‌ವಿಂಡ್‌ನಲ್ಲಿ (ರನ್‌ವೇ ಪಕ್ಕ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹಾರುವಾಗ) ಗಾಳಿ ಬೆನ್ನ ಹಿಂದೆ. 500 ಅಡಿಯಿಂದ ಕಬ್ಬಿನ ಗದ್ದೆಗಳು ಭರ್ರನೆ ಹಿಂದಕ್ಕೆ ಓಡುತ್ತವೆ. ವೇಗ ಜಾಸ್ತಿಯಾಯಿತು ಅಂತ ಕಣ್ಣು ಹೇಳುತ್ತದೆ. ಕಲಿಯುವಾಗ ನನ್ನ ಕೈ ತಾನಾಗಿ ಥ್ರಾಟಲ್ ಹಿಂದಕ್ಕೆಳೆದು ಎಂಜಿನ್ ಶಕ್ತಿ ತಗ್ಗಿಸಿತ್ತು. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಮರಾಠಿಯಲ್ಲಿ ‘ಇಕಡೇ ಬಘ’ (ಇಲ್ಲಿ ನೋಡು) ಅಂದು ವೇಗದ ಮುಳ್ಳಿನ ಮೇಲೆ ಬೆರಳಿಟ್ಟರು. ಮುಳ್ಳು ಆಗಲೇ 60ರತ್ತ ಇಳಿಯುತ್ತಿತ್ತು. ರೆಕ್ಕೆಗೆ ಗೊತ್ತಿರುವುದು ಗಾಳಿಯಲ್ಲಿ ತನ್ನ ವೇಗ ಮಾತ್ರ, ಗದ್ದೆಯ ಮೇಲಿನ ವೇಗ ಅಲ್ಲ.

ಒಂದು ಮಾತು ಮರೆಯಬೇಡಿ. ಇದು ಹಾರುತ್ತಿರುವಾಗ ಹವಾಮಾನ ಕೆಟ್ಟರೆ ಬೇಕಾಗುವ ವಿದ್ಯೆ, ಕೆಟ್ಟ ಹವೆಯಲ್ಲಿ ಹೊರಡಲು ಪರವಾನಗಿ ಅಲ್ಲ. ಹೊರಗೆ ನೋಡಿಕೊಂಡು ಹಾರಲು ಸಾಮಾನ್ಯವಾಗಿ 5 ಕಿಲೋಮೀಟರ್ ದೂರ ಕಾಣಬೇಕು. ಮಗಳು ಫೋನ್ ಮಾಡಿ ‘ಇವತ್ತೂ ಹಾರಲಿಲ್ಲಮ್ಮ’ ಅಂತ ಬೇಜಾರು ಮಾಡಿಕೊಂಡರೆ, ದಯವಿಟ್ಟು ‘ಇನ್ನೂ ಎಷ್ಟು ಗಂಟೆ ಹಾರಾಟ ಬಾಕಿ?’ ಅಂತ ಕೇಳಬೇಡಿ.